ಹಗಲಿಗಿಂತ ಮೊದಲು ರಾತ್ರಿಯನ್ನು ಯೋಜಿಸಿ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪ ಶಿಕ್ಷಕರು, ಹೆತ್ತವರು ಮತ್ತು ಯುವಕ ಮಂಡಲಗಳ ಕಾರ್ಯಕರ್ತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಕ್ಕಳನ್ನು ಕರೆದುಕೊಂಡು ಮೂರು ರಾತ್ರಿಯ ಪ್ರವಾಸಕ್ಕೆ ಹೋಗೋಣ ಎಂದು ಸಭೆ ಕರೆದರೆ ಸ್ವಲ್ಪ ಹೊತ್ತಿನಲ್ಲೇ ಹಾಳೆಯ ತುಂಬ ಊರುಗಳ ಹೆಸರು ಬಂದುಬಿಡುತ್ತವೆ. ಬೇಕಲ ಕೋಟೆ, ವಲಿಯಪರಂಬದ ಹಿನ್ನೀರು, ರಾಣಿಪುರಂ, ತಲಕಾವೇರಿ, ಮಡಿಕೇರಿ. ಆಮೇಲೆ ಬಸ್ಸಿನ ಬಾಡಿಗೆ, ತಲೆಗೆ ಎಷ್ಟು ರೂಪಾಯಿ ಎಂಬ ಲೆಕ್ಕ. ಮಲಗುವುದು ಎಲ್ಲಿ ಎಂಬ ಮಾತು ಚಹಾ ಕುಡಿದು ಏಳುವ ಹೊತ್ತಿಗೆ ಬರುತ್ತದೆ. "ಅಲ್ಲಿ ಪರಿಚಯದವರಿದ್ದಾರೆ, ಒಂದು ಹಾಲ್ ಮಾಡಿಸೋಣ" ಎಂದು ಯಾರೋ ಹೇಳುತ್ತಾರೆ; ಅಲ್ಲಿಗೆ ಸಭೆ ಮುಗಿಯುತ್ತದೆ. ನಾನು ಇಂದು ನಿಮ್ಮಲ್ಲಿ ಕೇಳಿಕೊಳ್ಳುವುದು ಈ ಕ್ರಮವನ್ನು ತಲೆಕೆಳಗು ಮಾಡಿ ಎಂದು. ಹಾಳೆಯಲ್ಲಿ ಮೊದಲು ಮೂರು ರಾತ್ರಿಗಳನ್ನು ಬರೆಯಿರಿ. ಎಲ್ಲಿ ಮಲಗುತ್ತೇವೆ, ಅಲ್ಲಿಗೆ ಎಷ್ಟು ಗಂಟೆಗೆ ತಲುಪುತ್ತೇವೆ, ಬಾಗಿಲ ಬಳಿ ಯಾರು ಮಲಗುತ್ತಾರೆ. ಉಳಿದ ಹೊತ್ತಿನಲ್ಲಿ ಯಾವ ಊರು ಹಿಡಿಸುತ್ತದೋ ಅದನ್ನು ನೋಡೋಣ. ಹಿಡಿಸದ್ದನ್ನು ಬಿಡೋಣ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮಗೆಲ್ಲ ಗೊತ್ತಿರುವ ಕೆಲವು ದುರಂತಗಳು ನಡೆದ ಹೊತ್ತು ಯಾವುದೆಂದು ನೋಡಿ. 2007ರ ಫೆಬ್ರವರಿ 20ರಂದು ತಟ್ಟೇಕ್ಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ 15 ಮಕ್ಕಳು, 3 ಶಿಕ್ಷಕರು ತೀರಿಕೊಂಡರು. ಅದು ಸಂಜೆ. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿಯಲ್ಲಿ ದೋಣಿ ಮಗುಚಿ 45 ಮಂದಿ ಹೋದರು. ಅದೂ ಸಂಜೆ. 2014ರ ಜೂನ್ 8ರಂದು ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಕೊಚ್ಚಿಹೋದದ್ದು ಸಂಜೆ. 2023ರ ಮೇ 7ರಂದು ತಾನೂರಿನಲ್ಲಿ ದೋಣಿ ಮಗುಚಿ 22 ಜೀವಗಳು ಹೋದದ್ದು ಸೂರ್ಯ ಮುಳುಗಿದ ಮೇಲೆ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಬಂದಿದ್ದ ವಸತಿ ಶಾಲೆಯ 4 ಹುಡುಗಿಯರನ್ನು ಕಡಲು ಎಳೆದುಕೊಂಡದ್ದು ಸಂಜೆಯೇ. 2022ರ ಅಕ್ಟೋಬರ್ 5ರಂದು ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯಲ್ಲಿ ಊಟಿಗೆ ಹೊರಟಿದ್ದ ಶಾಲಾ ಪ್ರವಾಸದ ಬಸ್ಸು ಮುಂದಿನ ಬಸ್ಸಿಗೆ ಗುದ್ದಿ 5 ವಿದ್ಯಾರ್ಥಿಗಳ ಸಹಿತ 9 ಮಂದಿ ಸತ್ತಾಗ ಮಧ್ಯರಾತ್ರಿ ಸಮೀಪಿಸಿತ್ತು.

ಪ್ರತಿಯೊಂದಕ್ಕೂ ಅದರದ್ದೇ ಕಾರಣಗಳಿವೆ: ಹೆಚ್ಚು ಜನರನ್ನು ತುಂಬಿದ ದೋಣಿ, ಅತಿವೇಗ, ಎಚ್ಚರಿಕೆ ಕೊಡದೆ ಬಿಟ್ಟ ನೀರು. ಎಲ್ಲ ಅನಾಹುತವೂ ಸಂಜೆಯದ್ದಲ್ಲ ಎಂಬುದೂ ನಿಜ; 2016ರಲ್ಲಿ ಮಹಾರಾಷ್ಟ್ರದ ಮುರುಡ್ ಕಡಲತೀರದಲ್ಲಿ ಪುಣೆಯ ಕಾಲೇಜು ವಿದ್ಯಾರ್ಥಿಗಳು ಮುಳುಗಿದ್ದು ಮಧ್ಯಾಹ್ನ. ಆದರೂ ಸಂಜೆಯ ಆ ಹೊತ್ತು ಬೇರೆಯೇ. ಬೆಳಗ್ಗಿನಿಂದ ಎಲ್ಲವೂ ಸ್ವಲ್ಪ ಸ್ವಲ್ಪ ತಡವಾಗಿರುತ್ತದೆ. ಶಿಕ್ಷಕರು ದಣಿದಿರುತ್ತಾರೆ, ಮಕ್ಕಳು ಹುರುಪಿನಲ್ಲಿರುತ್ತಾರೆ, ಪಟ್ಟಿಯಲ್ಲಿ ಇನ್ನೊಂದು ಜಾಗ ಉಳಿದಿರುತ್ತದೆ. "ಇಷ್ಟು ದೂರ ಬಂದು ನೋಡದೆ ಹೋಗುವುದೇ?" ಎಂಬ ಮಾತು ಹುಟ್ಟುವುದು ಆಗಲೇ. ಮಲಗುವ ಜಾಗ ಇನ್ನೂ ಎಂಬತ್ತು ಕಿಲೋಮೀಟರ್ ದೂರವಿದ್ದರಂತೂ ಅವಸರದ ಮೇಲೆ ಅವಸರ. ಸಂಜೆಯ ತೊಂದರೆ ಹುಟ್ಟುವುದು ರಾತ್ರಿಯನ್ನು ಸರಿಯಾಗಿ ಯೋಜಿಸದ್ದರಿಂದ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಉದಾಹರಣೆಗೆ ನಮ್ಮ ಕಡೆಯಿಂದ ಹೊರಡಬಹುದಾದ ಒಂದು ಸುತ್ತು ತೆಗೆದುಕೊಳ್ಳೋಣ. ಬದಿಯಡ್ಕದಿಂದ ಬೇಕಲ, ಮೊದಲ ರಾತ್ರಿ ನೀಲೇಶ್ವರದ ಆಸುಪಾಸು. ಮರುದಿನ ಬೆಳಿಗ್ಗೆ ಹಿನ್ನೀರು. ಊಟ ಮುಗಿಸಿ ಪಾಣತ್ತೂರು ರಸ್ತೆಯಲ್ಲಿ ಹೊರಟು ಬೆಳಕಿರುವಾಗಲೇ ರಾಣಿಪುರಂ ತಪ್ಪಲು. ಮೂರನೆಯ ದಿನ ಮುಂಜಾನೆ ಬೆಟ್ಟ ಹತ್ತಿ, ಮಧ್ಯಾಹ್ನದೊಳಗೆ ಇಳಿದು, ಕರಿಕೆ ಘಾಟಿಯ ದಾರಿಯಾಗಿ ಭಾಗಮಂಡಲ, ಮಡಿಕೇರಿ. ನಾಲ್ಕನೆಯ ದಿನ ಸಂಪಾಜೆ, ಸುಳ್ಯ, ಜಾಲ್ಸೂರು, ಮುಳ್ಳೇರಿಯಾ ದಾರಿಯಾಗಿ ಮನೆ. ನಕ್ಷೆಯಲ್ಲಿ ಇದು ಸಣ್ಣ ಸುತ್ತು. ಆದರೆ ಡಿಸೆಂಬರ್ ತಿಂಗಳಲ್ಲಿ ನಮ್ಮಲ್ಲಿ ಆರು ಗಂಟೆ ದಾಟುತ್ತಲೇ ಸೂರ್ಯಾಸ್ತವಾಗುತ್ತದೆ. ಕಾಡಿನ ದಾರಿಯಲ್ಲಿ ಅದಕ್ಕೂ ಮೊದಲೇ ಕತ್ತಲು. ಕರಿಕೆ ಘಾಟಿ ಕಿರಿದಾದ ಕಾಡುರಸ್ತೆ, ಮೊಬೈಲ್ ಸಂಪರ್ಕವನ್ನು ನಂಬಿಕೊಳ್ಳುವಂತಿಲ್ಲ, ಆನೆಗಳಿರುವ ಪ್ರದೇಶ. ಹಾಗಾಗಿ ಈ ಸುತ್ತಿನಲ್ಲಿ ನಾನು ಮೊದಲು ಬರೆಯುವ ವಾಕ್ಯ ಇದು: ಮೂರನೆಯ ದಿನ ಎರಡು ಗಂಟೆಗೆ ರಾಣಿಪುರಂನಿಂದ ಹೊರಟಿರದಿದ್ದರೆ ಘಾಟಿ ಹತ್ತುವುದಿಲ್ಲ, ಅದೇ ಜಾಗದಲ್ಲಿ ಇನ್ನೊಂದು ರಾತ್ರಿ, ಮರುದಿನ ನೇರ ಮನೆಗೆ. ಮಡಿಕೇರಿ ಹೋಯಿತು, ಹೋಗಲಿ. ಈ ವಾಕ್ಯವನ್ನು ಹೊರಡುವ ಮೊದಲೇ ಹೆತ್ತವರಿಗೂ ಮಕ್ಕಳಿಗೂ ಓದಿ ಹೇಳಬೇಕು. ಆಗ ದಾರಿಯಲ್ಲಿ ವಾದ ಮಾಡಬೇಕಾಗಿ ಬರುವುದಿಲ್ಲ.

ಕೇರಳದ ಶಾಲಾ ಪ್ರವಾಸಗಳು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಪ್ರಯಾಣ ಮಾಡಬಾರದು ಎಂಬ ಸೂಚನೆ ಶಿಕ್ಷಣ ಇಲಾಖೆಯದ್ದಿದೆ. ಯುವಕ ಮಂಡಲಕ್ಕೆ, ಭಜನಾ ಮಂದಿರಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಮಕ್ಕಳು ಅವೇ ಅಲ್ಲವೇ? ಗಡಿಯಾರವನ್ನು ಇನ್ನೂ ಬಿಗಿ ಮಾಡಿ ಎಂದೇ ನನ್ನ ಸಲಹೆ: ಸಂಜೆ ಆರು ಗಂಟೆಗೆ ಬಸ್ಸು ನಿಂತಿರಬೇಕು. "ರಾತ್ರಿಯಿಡೀ ಬಸ್ಸಿನಲ್ಲಿ ಮಲಗಿದರೆ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ" ಎಂಬ ಲೆಕ್ಕವನ್ನು ನಾನು ಎಂದಿಗೂ ಒಪ್ಪುವವನಲ್ಲ.

ಈಗ ಚಾಲಕರ ವಿಷಯ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯಿದೆಯೇ ದಿನಕ್ಕೆ 8 ಗಂಟೆಯ ಕೆಲಸವನ್ನು ಹೇಳಿತ್ತು. ನಮ್ಮ ಪ್ರವಾಸಗಳಲ್ಲಿ ಏನಾಗುತ್ತದೆ? ಐದು ಗಂಟೆಗೆ ಹೊರಟ ಮನುಷ್ಯ ರಾತ್ರಿ ಹತ್ತಕ್ಕೆ ನಮ್ಮನ್ನು ಇಳಿಸುತ್ತಾರೆ. ನಾವು ಹಾಸಿಗೆ ಬಿಡಿಸುತ್ತೇವೆ. ಅವರು ಬಸ್ಸಿನ ಕೊನೆಯ ಸೀಟಿನಲ್ಲಿ ಕಾಲು ಮಡಚಿ, ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಕೆ ಎಂದು ಹೊರಳಾಡಿ, ನಾಲ್ಕಕ್ಕೆ ಎದ್ದು ಬಸ್ಸು ತೊಳೆಯುತ್ತಾರೆ. ನಲವತ್ತು ಮಕ್ಕಳ ಜೀವ ಮರುದಿನ ಆ ಕಣ್ಣುಗಳ ಮೇಲಿರುತ್ತದೆ. ಆದ್ದರಿಂದ ನೀವು ಕಾದಿರಿಸುವ ಮೊದಲ ಕೋಣೆ ಚಾಲಕರದ್ದಾಗಲಿ. ಫ್ಯಾನು, ಬಾಗಿಲು, ಹಾಸಿಗೆ ಇರುವ ಕೋಣೆ. ಮಕ್ಕಳಿಗೆ ಹಾಲ್ ಸಾಕು. ಊಟಕ್ಕೆ ಅವರನ್ನು ಮೊದಲ ಪಂಕ್ತಿಯಲ್ಲೇ ಕೂರಿಸಿ; ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಬಡಿಸುವ ಅಭ್ಯಾಸ ಬೇಡ. ಬಸ್ಸು ಗೊತ್ತು ಮಾಡುವಾಗ ಅದರ ನಂಬರನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಫಿಟ್‌ನೆಸ್, ವಿಮೆ, ಪರ್ಮಿಟ್ ಎಲ್ಲಿಯವರೆಗೆ ಎಂದು ಗೊತ್ತಾಗುತ್ತದೆ. ಹೊರಡುವ ದಿನ ಬೇರೆ ಬಸ್ಸು ಬಂದರೆ ಅದರ ನಂಬರನ್ನೂ ನೋಡಿಯೇ ಹತ್ತಿ. ತುರ್ತು ಬಾಗಿಲನ್ನು ಒಬ್ಬ ಹುಡುಗನ ಕೈಯಿಂದಲೇ ತೆರೆಸಿ. ಬಹಳ ಸಲ ಅದರ ಎದುರಿಗೇ ಪಾತ್ರೆ, ಅಕ್ಕಿ ಚೀಲ ಪೇರಿಸಿರುತ್ತಾರೆ.

ಮಲಗುವ ಜಾಗವನ್ನು ಮೊದಲೇ ನೋಡಿ ಬರಬೇಕು ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿ ಒಂದು ರಾತ್ರಿ ಉಳಿದೇ ನೋಡಬೇಕು ಎಂದು ನಾನು ಹೇಳುತ್ತೇನೆ. ಹಗಲು ಹನ್ನೊಂದಕ್ಕೆ ಹೋದರೆ ಕಾಣುವುದು ಗುಡಿಸಿದ ಹಾಲ್, ನಗುಮುಖದ ಮೇಲ್ವಿಚಾರಕರು. ರಾತ್ರಿ ಉಳಿದರೆ ಹಾಲ್‌ನಿಂದ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ದೀಪವಿಲ್ಲದ್ದು ಕಾಣುತ್ತದೆ. ದಂಡೆಯಿಲ್ಲದ ಬಾವಿ, ಗೇಟಿನ ಹೊರಗೆ ಕುಡಿಯಲು ಸೇರುವವರು, ಹತ್ತು ಗಂಟೆಗೆ ಕೈಕೊಡುವ ಕರೆಂಟು ಎಲ್ಲವೂ ಕಾಣುತ್ತವೆ. ವರಾಂಡದ ತುದಿಯ ಕಬ್ಬಿಣದ ಗ್ರಿಲ್ ಬಾಗಿಲನ್ನು ವಿಶೇಷವಾಗಿ ನೋಡಿ. ಕಳ್ಳರ ಭಯಕ್ಕೆ ಮೇಲ್ವಿಚಾರಕರು ಅದಕ್ಕೆ ಹೊರಗಿನಿಂದ ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೋಗುವುದುಂಟು. ಒಳಗೆ ಅರುವತ್ತು ಮಂದಿ, ಪಕ್ಕದಲ್ಲೇ ಗ್ಯಾಸ್ ಸಿಲಿಂಡರಿನ ಅಡುಗೆಕೋಣೆ. ಬೀಗ ಒಳಗಿನಿಂದ ಇರಬೇಕು, ಕೀಲಿಕೈ ಅದೇ ಬಾಗಿಲಿನ ಬಳಿ ಮೊಳೆಗೆ ನೇತು ಹಾಕಿರಬೇಕು, ಅದರ ಪಕ್ಕದಲ್ಲಿ ಒಬ್ಬ ಹಿರಿಯರು ಮಲಗಬೇಕು. ಇದಕ್ಕೆ ಒಪ್ಪದ ಜಾಗ ಎಷ್ಟು ಅಗ್ಗವಾದರೂ ಬೇಡ.

ನೆಲದ ಮೇಲೆ ಸಾಲಾಗಿ ಮಲಗುವುದು ಮಕ್ಕಳಿಗೆ ಪ್ರವಾಸದ ಅತ್ಯಂತ ಖುಷಿಯ ಭಾಗ, ಅದನ್ನು ಕಸಿಯಬೇಕಿಲ್ಲ. ಆದರೆ ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಟ್ಟುಹಾವು ಕಚ್ಚುವುದುಂಟು, ಅದರ ಕಡಿತಕ್ಕೆ ಎಷ್ಟೋ ಸಲ ನೋವೂ ಇರುವುದಿಲ್ಲ, ಬಾವೂ ಇರುವುದಿಲ್ಲ. ಬೆಳಗಿನ ಜಾವ ಹುಡುಗ ಹೊಟ್ಟೆನೋವು ಎನ್ನುತ್ತಾನೆ, ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ. ನಿನ್ನೆಯ ಊಟ ಹಿಡಿಸಲಿಲ್ಲ ಎಂದುಕೊಂಡು ಕಷಾಯ ಕುಡಿಸುತ್ತಾ ಕೂತರೆ ಹೊತ್ತು ಹೋಯಿತು. ಗೋಡೆಯಿಂದ ಸ್ವಲ್ಪ ದೂರ ಹಾಸಿ, ಸೊಳ್ಳೆಪರದೆಯ ಅಂಚನ್ನು ಚಾಪೆಯ ಅಡಿಗೆ ಮಡಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ. ತಿಂಡಿಯ ಚೂರು ಬಿಟ್ಟರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಯಾವ ಹಾವೇ ಕಚ್ಚಲಿ, ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ, ಹಾವಿನ ವಿಷಕ್ಕೆ ಪ್ರತಿವಿಷ ಇರುವ ಆಸ್ಪತ್ರೆಗೆ. ಅದು ಯಾವುದೆಂದು ಆಗ ಹುಡುಕುವುದಲ್ಲ. ಮೂರು ರಾತ್ರಿಗೂ ಮೂರು ಆಸ್ಪತ್ರೆಯ ಹೆಸರು, ದೂರ, ದೂರವಾಣಿ ಸಂಖ್ಯೆ ಹಾಳೆಯಲ್ಲಿ ಮೊದಲೇ ಇರಬೇಕು. ಬಾಡಿಗೆ ಬಸ್ಸಿನ ಜೊತೆಗೆ ಒಂದು ಜೀಪೋ ಕಾರೋ ರಾತ್ರಿಯಿಡೀ ಸಿದ್ಧವಿರಬೇಕು. ದೊಡ್ಡ ಬಸ್ಸನ್ನು ತಿರುಗಿಸಿ ಹೊರಡುವುದರೊಳಗೆ ಕಾರು ಪೇಟೆ ಸೇರಿರುತ್ತದೆ.

ಆಸ್ಪತ್ರೆ ದೂರವಾದರೆ ಏನಾಗುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕೋವಿಡ್ ಕಾಲದಲ್ಲಿ, 2020ರ ಮಾರ್ಚ್ ಕೊನೆಯಲ್ಲಿ, ಕರ್ನಾಟಕದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ರೋಗಿಗಳು ಪಟ್ಟ ಪಾಡನ್ನು ನಾವು ನೋಡಿದ್ದೇವೆ. ಗಡಿ ದಾಟುವ ಪ್ರವಾಸದಲ್ಲಿ ಆ ಎಚ್ಚರ ಇನ್ನಷ್ಟು ಬೇಕು. 112ಕ್ಕೂ 108ಕ್ಕೂ ಎರಡೂ ರಾಜ್ಯಗಳಲ್ಲಿ ಕರೆ ಮಾಡಬಹುದು. ಆದರೆ ಕಾಡಿನ ಗಡಿಯಲ್ಲಿ ನಿಮ್ಮ ಮೊಬೈಲ್ ಯಾವ ಕಡೆಯ ಟವರನ್ನು ಹಿಡಿದಿದೆ ಎಂದು ಹೇಳಲಾಗದು. ಕರೆ ಸಿಕ್ಕ ಕೂಡಲೇ ರಾಜ್ಯ, ಜಿಲ್ಲೆ, ಪಂಚಾಯತು, ಹತ್ತಿರದ ಗುರುತು, ಈ ಕ್ರಮದಲ್ಲಿ ಹೇಳುವುದನ್ನು ತಂಡದ ಹಿರಿಯ ಮಕ್ಕಳಿಗೂ ಕಲಿಸಿ. ಹೆತ್ತವರ ಒಪ್ಪಿಗೆ ಪತ್ರ, ಮಗುವಿನ ರಕ್ತದ ಗುಂಪು, ಅಲರ್ಜಿ, ಅಪಸ್ಮಾರ, ಉಬ್ಬಸ, ದಿನನಿತ್ಯದ ಮಾತ್ರೆ ಇವೆಲ್ಲ ಒಂದೇ ಹಾಳೆಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಇರಲಿ. ಕಾಞಂಗಾಡಿನ ದಾದಿ ಕನ್ನಡ ಓದಲಾರರು, ಮಡಿಕೇರಿಯವರು ಮಲಯಾಳ ಓದಲಾರರು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಮಲಯಾಳ ಸರಾಗವಾಗಿ ಮಾತಾಡಿದರೂ ಓದಲು ಬಾರದವರು ಹಲವರಿದ್ದಾರೆ. ಚಂದ್ರಗಿರಿ ಹೊಳೆಯಿಂದ ತೆಂಕಕ್ಕೆ ಹೋದಂತೆ ಕಡಲತೀರದ, ಕಾಡಿನ ಎಚ್ಚರಿಕೆ ಫಲಕಗಳು ಮಲಯಾಳದಲ್ಲೇ ಇರುತ್ತವೆ. ಹೊರಡುವ ಮುನ್ನ ಅಂಥ ಫಲಕಗಳ ಚಿತ್ರ ತೋರಿಸಿ ಗುರುತು ಹಿಡಿಸಿ. ಹತ್ತು ನಿಮಿಷದ ಕೆಲಸ.

ನೀರಿನ ಬಗ್ಗೆ ಹೇಳಲು ತುಂಬ ಇದೆ. ಕಡಲಿಗೆ ಇಳಿಯುವುದಾದರೆ ಬೆಳಿಗ್ಗೆ, ಜೀವರಕ್ಷಕರು ಇರುವಲ್ಲಿ, ಮೊಣಕಾಲಿನವರೆಗೆ. ಅದಕ್ಕಿಂತ ಆಳ ಬೇಡವೇ ಬೇಡ. ಹಿಂದಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕಿದವರು ದಡದ ಕಡೆಗೆ ಹೋರಾಡಬಾರದು, ದಡಕ್ಕೆ ಸಮಾನಾಂತರವಾಗಿ ಸರಿದು ಸೆಳೆತದಿಂದ ಹೊರಬರಬೇಕು. ಇನ್ನು ನಮ್ಮ ಮೀನುಗಾರರು ಕಳ್ಳಕ್ಕಡಲ್ ಎನ್ನುವ ಅಲೆ. ದಕ್ಷಿಣದ ದೂರದ ಸಾಗರದಲ್ಲೆದ್ದ ಅಲೆ ಇಲ್ಲಿ ಗಾಳಿ ಮಳೆ ಏನೂ ಇಲ್ಲದ ದಿನ ದಡಕ್ಕೆ ನುಗ್ಗುತ್ತದೆ. ಆಕಾಶ ನೋಡಿ ಕಡಲನ್ನು ಅಳೆಯಬೇಡಿ, ಆ ದಿನದ ಮುನ್ನೆಚ್ಚರಿಕೆ ನೋಡಿ. ದೋಣಿಯಲ್ಲಿ ತಲೆಗೊಂದು ರಕ್ಷಾ ಜಾಕೆಟ್ ಇಲ್ಲದಿದ್ದರೆ ಹತ್ತಬೇಡಿ. ಜಾಕೆಟ್ ಸೀಟಿನ ಅಡಿಯಲ್ಲಿದ್ದರೆ ಇಲ್ಲದಂತೆಯೇ, ಮೈಮೇಲೆ ಇರಬೇಕು.

ಕಡಲಿಗೆ ಹೆದರುವ ನಾವು ಒಳನಾಡಿನ ನೀರಿಗೆ ಹೆದರುವುದಿಲ್ಲ. ಮುರಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ಮಳೆಗಾಲದ ನೀರು ತಿಳಿಯಾಗಿ ನಿಂತಿರುತ್ತದೆ. ಅಂಚು ನೇರ ಗೋಡೆ, ಹತ್ತಲು ಮೆಟ್ಟಿಲಿಲ್ಲ, ಆಳ ಯಾರಿಗೂ ಗೊತ್ತಿಲ್ಲ. ತೋಡು, ಮದಕ, ಪಳ್ಳ ಯಾವುದಾದರೂ ಅಷ್ಟೇ. ನಿಂತ ನೀರಿನಲ್ಲಿ ಮುಳುಗು ಹಾಕಿ ಮೂಗಿಗೆ ನೀರು ಹೋದರೆ ಬರುವ ಅಮೀಬಾ ಮಿದುಳುಜ್ವರ 2024ರಿಂದ ಕೇರಳದಲ್ಲಿ ಮಕ್ಕಳನ್ನು ಬಲಿ ತೆಗೆದುಕೊಂಡಿದೆ. ಬಾಯಾರು, ಶೇಣಿ ಕಡೆಯ ಸುರಂಗಗಳನ್ನು ಮಕ್ಕಳಿಗೆ ತೋರಿಸಲೇಬೇಕು. ಗುಡ್ಡ ಕೊರೆದು ನೀರು ತಂದ ಆ ಹಿರಿಯರ ಶ್ರಮ ದೊಡ್ಡದು. ಆದರೆ ಬಾಯಿಯಲ್ಲಿ ನಿಂತು ನೋಡಲಿ, ಒಳಗೆ ನುಗ್ಗುವುದು ಬೇಡ.

ಮಳೆಗಾಲದಲ್ಲಿ ಗುಡ್ಡದ ಬುಡದಲ್ಲಿ ಮಕ್ಕಳನ್ನು ಮಲಗಿಸಬೇಡಿ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದಲ್ಲಿ ಗುಡ್ಡ ಕುಸಿಯಿತು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ನಿದ್ದೆಯಲ್ಲಿರುವಾಗಲೇ ಹೋದರು. ಹವಾಮಾನ ಇಲಾಖೆಯ ಕಿತ್ತಳೆ ಎಚ್ಚರಿಕೆ ಎಂದರೆ ಒಂದು ದಿನದಲ್ಲಿ 115 ಮಿಲಿಮೀಟರ್‌ಗಿಂತ ಹೆಚ್ಚು, 204ರವರೆಗೂ ಮಳೆ ಬರಬಹುದು ಎಂದರ್ಥ. ಕೆಂಪು ಎಂದರೆ ಅದಕ್ಕೂ ಮೀರಿ. ಕಲೆಕ್ಟರ್ ರಜೆ ಸಾರಲಿ ಎಂದು ಕಾಯಬೇಡಿ, ಕಿತ್ತಳೆ ಕಂಡರೆ ಬೆಟ್ಟದ ರಾತ್ರಿ ರದ್ದು. ತುಲಾ ತಿಂಗಳ ಸಿಡಿಲು ಇನ್ನೊಂದು. ಅಕ್ಟೋಬರ್, ನವೆಂಬರ್ ಮಧ್ಯಾಹ್ನ ಎರಡರ ಬಳಿಕ ನಮ್ಮ ಬೋಳು ಪದವುಗಳ (ಎತ್ತರದ ಬಯಲುಗಳ) ಮೇಲಾಗಲಿ ಪೊಸಡಿಗುಂಪೆ ಬೆಟ್ಟದ ನೆತ್ತಿಯಲ್ಲಾಗಲಿ ಮಕ್ಕಳು ಇರಬಾರದು.

ಊಟ: ಬಿಸಿ ಗಂಜಿ, ಬೇಯಿಸಿದ ಪಲ್ಯ, ಕುದಿಸಿದ ನೀರು. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರ್ವತ್ತೂರಿನಲ್ಲಿ ಷವರ್ಮಾ ತಿಂದು ಶಾಲಾ ಬಾಲಕಿಯೊಬ್ಬಳು ತೀರಿಕೊಂಡದ್ದು ನೆನಪಿರಲಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಬೆರೆಸಬೇಕು, ಲೋಟಕ್ಕಲ್ಲ.

ಇನ್ನು ಜನರ ವಿಷಯ. ಸ್ಕೌಟಿನಲ್ಲಿ ಆರರಿಂದ ಎಂಟು ಮಕ್ಕಳ ದಳ ಮಾಡುವ ಪದ್ಧತಿ ಇದೆ. ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನಲವತ್ತು ತಲೆಗಳನ್ನು ಒಬ್ಬರು ಎಣಿಸಿದರೆ ತಪ್ಪುತ್ತದೆ. ಏಳು ಮಂದಿಯ ದಳದಲ್ಲಿ ಒಬ್ಬ ಇಲ್ಲದಿದ್ದರೆ ದಳನಾಯಕಿಗೆ ಎಣಿಸದೆಯೂ ಗೊತ್ತಾಗುತ್ತದೆ. ದೀಪ ಆರಿಸುವ ಮೊದಲೊಂದು ಎಣಿಕೆ, ಎದ್ದ ಕೂಡಲೇ ಒಂದು. ಹುಡುಗಿಯರಿದ್ದರೆ ಮಹಿಳೆಯರು ಜೊತೆಗಿರಬೇಕು, ಅವರು ಹುಡುಗಿಯರ ಕೋಣೆಯಲ್ಲೇ ಮಲಗಬೇಕು. ಯಾವ ಹಿರಿಯರೂ, ಎಷ್ಟೇ ಗೌರವಸ್ಥರಾಗಿರಲಿ, ಒಂದು ಮಗುವಿನೊಂದಿಗೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರಬಾರದು. ಈ ನಿಯಮವನ್ನು ಹೆತ್ತವರ ಎದುರಿಗೆ, ಜೊತೆಗೆ ಬರುವ ಹಿರಿಯರ ಎದುರಿಗೇ ಹೇಳಿ. ಮಗುವೊಂದು ಏನನ್ನಾದರೂ ಹೇಳಿಕೊಂಡರೆ ಊರಿನ ಮಾನ, ಸಂಸ್ಥೆಯ ಮಾನ ಎಂದು ಮುಚ್ಚಿಡುವಂತಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯಿದೆಯ ಪ್ರಕಾರ ವರದಿ ಮಾಡುವುದು ಕಡ್ಡಾಯ. 1098 ಮಕ್ಕಳ ಸಹಾಯವಾಣಿ ಎಂದು ಮಕ್ಕಳಿಗೂ ಗೊತ್ತಿರಲಿ.

ಮೊದಲ ರಾತ್ರಿ ಒಂದು ಮಗುವಾದರೂ ನಿದ್ದೆ ಮಾಡುವುದಿಲ್ಲ. ಅದು ಅಳುವ ಮಗುವಾಗಿರಬೇಕೆಂದಿಲ್ಲ. ಮೂರು ಸಲ ನೀರು ಕೇಳುತ್ತದೆ, ಹೊದಿಕೆಯೊಳಗೆ ಟಾರ್ಚ್ ಹಾಕಿ ಆರಿಸುತ್ತದೆ, ಪಕ್ಕದವನ ಕೈ ಮುಟ್ಟಿ ನೋಡುತ್ತದೆ. ಹಾಸಿಗೆ ಒದ್ದೆಯಾಗುತ್ತದೆಂಬ ಭಯ, ಮೊದಲ ಸಲ ಮುಟ್ಟಾದ ಗಾಬರಿ, ಹಗಲು ಬಸ್ಸಿನಲ್ಲಿ ಯಾರೋ ಹಂಗಿಸಿದ ನೋವು, ಯಾವುದೂ ಇರಬಹುದು. ಎಲ್ಲರೆದುರು ಕೇಳಬೇಡಿ. ವರಾಂಡದಲ್ಲಿ, ಇನ್ನೊಬ್ಬ ಹಿರಿಯರ ಕಣ್ಣಳತೆಯಲ್ಲಿ ಕೂರಿಸಿ ಬಿಸಿನೀರು ಕೊಡಿ, ಮೌನವಾಗಿ ಇದ್ದರೂ ಸಾಕು. ಇದಕ್ಕಾಗಿಯೇ ಪ್ರತಿ ರಾತ್ರಿ ಸರದಿಯಲ್ಲಿ ಒಬ್ಬರು ಎಚ್ಚರವಿರಬೇಕು, ಅವರಿಗೆ ಮರುದಿನ ಹಗಲು ಬಸ್ಸಿನಲ್ಲಿ ಮಲಗಲು ಬಿಡಬೇಕು.

ಹಿಂತಿರುಗುವ ದಿನವನ್ನು ಯಾರೂ ರಾತ್ರಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಬಸ್ಸು ಹತ್ತು ಗಂಟೆಗೆ ಪೇಟೆಯಲ್ಲಿ ಇಳಿಸಿ ಹೋದರೆ, ಪೆರ್ಲದಿಂದಾಚೆ ಗುಡ್ಡದ ಮನೆಯ ಮಕ್ಕಳಿಗೆ ಬಸ್ಸಿಲ್ಲ, ಆಟೋ ಇಲ್ಲ. ಮಧ್ಯಾಹ್ನದ ಹೊತ್ತಿಗೇ ಊರು ಸೇರಿ. ಮಗುವನ್ನು ಯಾರ ಕೈಗೆ ಒಪ್ಪಿಸಬೇಕೆಂದು ಒಪ್ಪಿಗೆ ಪತ್ರದಲ್ಲಿದೆಯೋ ಅವರ ಸಹಿ ಪಡೆದೇ ಬಿಡಿ.

ಉಪನ್ಯಾಸ ಮುಗಿದ ಮೇಲೆ ಹಿಂದಿನ ಸಾಲಿನಿಂದ ತಾಯಿಯೊಬ್ಬರು ಎದ್ದು ಕೇಳಿದರು: "ಮಾಸ್ಟ್ರೇ, ನನ್ನ ಮಗಳಿಗೆ ಈಜು ಬರುವುದಿಲ್ಲ. ಇಷ್ಟೆಲ್ಲ ಕೇಳಿದ ಮೇಲೆ ಕಳುಹಿಸಲು ಧೈರ್ಯ ಬರುವುದಿಲ್ಲ. ಏನು ಮಾಡಲಿ?" ಅವರಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ. ಕಳುಹಿಸಿ ಅಕ್ಕಾ. ಮನೆಯಿಂದಾಚೆ ಗೆಳತಿಯರೊಂದಿಗೆ ಮೂರು ರಾತ್ರಿ ಕಳೆದ ಮಗು ಎಷ್ಟೋ ಕಲಿತು ಬರುತ್ತದೆ, ಅದನ್ನು ತಪ್ಪಿಸಬೇಡಿ. ಆದರೆ ಹಣ ಕಟ್ಟುವ ಮೊದಲು ಸಂಘಟಕರನ್ನು ಕೇಳಿ: ದಿನಾ ಸಂಜೆ ಎಷ್ಟು ಗಂಟೆಗೆ ಬಸ್ಸು ನಿಲ್ಲುತ್ತದೆ, ಚಾಲಕರು ಎಲ್ಲಿ ಮಲಗುತ್ತಾರೆ, ಮಕ್ಕಳ ಕೋಣೆಯ ಕೀಲಿಕೈ ಯಾರಲ್ಲಿರುತ್ತದೆ, ಆ ಊರಿನ ಆಸ್ಪತ್ರೆ ಯಾವುದು. ತಡವರಿಸದೆ ಉತ್ತರ ಬಂದರೆ ಸಹಿ ಹಾಕಿ. "ಅದೆಲ್ಲ ಅಲ್ಲಿ ಹೋಗಿ ನೋಡಿಕೊಳ್ಳುತ್ತೇವೆ" ಎಂದರೆ, ನೋಡಿಕೊಂಡು ಬಂದ ಮೇಲೆ ಪತ್ರ ತನ್ನಿ ಎಂದು ಹೇಳಿ ಕಳುಹಿಸಿ.